ವ್ಯಾನಿನ ಕೆಂಪು ದೀಪ ಆರದ ದಿನಗಳು

ಆ ದಿನ ಮಾಡಿದ ಕೆಲಸಗಳು: ಕೋಳಿ ಕೂಗುವ ಮೊದಲೇ ಎದ್ದು ಅಂಗಳಕ್ಕೆ ನೀರು ಚಿಮುಕಿಸಿದ್ದು. ಎಮ್ಮೆ ಹಿಂಡಿ, ಸಂಜೆಯ ಹಾಲು ನೀವೇ ಹಿಂಡಿಕೊಳ್ಳಿ ಎಂದು ಪಕ್ಕದ ಮನೆಗೆ ಹೇಳಿ ಬಂದದ್ದು. ಕಟಿರೊಟ್ಟಿ ಹನ್ನೆರಡು, ಶೇಂಗಾ ಹಿಂಡಿ ಒಂದು ಡಬ್ಬಿ ಕಟ್ಟಿದ್ದು. ಮಗಳಿಗೆ ಒಯ್ಯುವ ಹಸಿರು ಸೀರೆಯನ್ನು ಮತ್ತೊಮ್ಮೆ ಬಿಚ್ಚಿ ನೋಡಿ ಮತ್ತೊಮ್ಮೆ ಮಡಿಸಿದ್ದು. ವ್ಯಾನಿನ ಹಿಂದಿನ ಸೀಟಿಗೆ ಎರಡು ಕೌದಿ ಹಾಸಿ, ಕೈಯೂರಿ ಮೆತ್ತಗಿದೆಯೇ ಎಂದು ನೋಡಿದ್ದು. ಬ್ಯಾಟರಿಯ ಆರು ಬಿರಡೆ ಬಿಚ್ಚಿ, ಮಿರಗದ ಮೊದಲ ಮಳೆಯಲ್ಲಿ ಹಿಡಿದು ಸೋಸಿಟ್ಟ ನೀರು ಹಾಕಿದ್ದು. ಒಲೆಯ ಬೂದಿ ತೆಗೆದದ್ದು. ಬಾಗಿಲಿಗೆ ಕೀಲಿ ಹಾಕಿದ್ದು.

ನನಗೆ ಹೀಗೆ ಬರೆದಿಡುವ ಚಟ. ನಮ್ಮ ಮನೆಯವರು ಹಾಳೆ ದಂಡ ಎಂದು ನಗುತ್ತಿದ್ದರು. ಈಗ ಆ ನೋಟ್‌ಬುಕ್ಕುಗಳಲ್ಲಿ ಎರಡನ್ನು ಗೆದ್ದಲು ತಿಂದಿದೆ, ಒಂದು ಮಳೆಗೆ ನೆನೆದು ಅಂಟಿಕೊಂಡಿದೆ. ಈ ಪುಟ ಉಳಿದಿದೆ. ಎಪ್ಪತ್ತರ ದಶಕದ ನಡುವಿನ ಒಂದು ಮಳೆಗಾಲದ ಆರಂಭದಲ್ಲಿ, ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನದ್ದು. ಓದಲು ಕೂತರೆ ಅಕ್ಷರಕ್ಕಿಂತ ಮೊದಲು ಆ ಬೆಳಗಿನ ಗಾಳಿ ಬರುತ್ತದೆ. ಉತ್ತ ಎರೆಭೂಮಿಯ ಮೇಲೆ ನಾಲ್ಕು ಹನಿ ಬಿದ್ದು ನಿಂತಾಗಿನ ಗಾಳಿ ಅದು.

ನಾವು ಆಗ ಮುದ್ದೇಬಿಹಾಳದಲ್ಲಿದ್ದೆವು. ನಮ್ಮ ಮನೆಯವರು ಊರಿಂದೂರಿಗೆ ಸಂತೆಗೆ ಹೋಗಿ ಸೀರೆ, ಖಣ ಮಾರುತ್ತಿದ್ದರು. ಮೊದಲು ಚಕ್ಕಡಿಯಲ್ಲಿ. ಆಮೇಲೆ ಎತ್ತಿನ ಜೋಡಿಯನ್ನು ಕೊಟ್ಟು ಒಂದು ಹಳೆಯ ವ್ಯಾನು ತಂದರು. ನಮ್ಮ ಕೈಗೆ ಬರುವ ಹೊತ್ತಿಗೇ ಅದು ಮುದಿಯಾಗಿತ್ತು. ಹಿಂದೆ ಯಾವುದೋ ದವಾಖಾನೆಯ ಗಾಡಿಯಂತೆ. ಬಿಳಿ ಬಣ್ಣದ ಅಡಿಯಲ್ಲಿ ಕೆಂಪು ಗುರುತು ಮಸುಕಾಗಿ ಕಾಣುತ್ತಿತ್ತು. ಬಿಸಿಲಿಗೆ ನಿಂತರೆ ಒಳಗಿನಿಂದ ಆಗಲೂ ಔಷಧದ ವಾಸನೆ. ಆ ವಾಸನೆಯಲ್ಲಿ ಖಣದ ಗಂಜಿಯ ವಾಸನೆ ಬೆರೆತು, ಸಂತೆಯಿಂದ ಮರಳುವಾಗ ನನಗೆ ತೂಕಡಿಕೆ ತರುತ್ತಿತ್ತು.

ನನ್ನ ಮಗಳನ್ನು ಕೊಟ್ಟದ್ದು ಇಂಡಿ ತಾಲೂಕಿನ ತಾಂಬಾಕ್ಕೆ. ಆಕೆಗೆ ಚೊಚ್ಚಲು. ಏಳನೇ ತಿಂಗಳಲ್ಲಿ ಸೀಮಂತದ ಕುಬಸ ಮಾಡಿ ಬಂದಿದ್ದೆವು. ಆಮೇಲೆ ಕರೆತರಬೇಕಾದ ದಿನ ಎರಡು ಸಲ ತಪ್ಪಿತು, ಎರಡು ಸಲವೂ ವ್ಯಾನಿನಿಂದಲೇ. ಮರುದಿನ ಅಮಾವಾಸ್ಯೆ, ಅದರಾಚೆ ಆಕೆಗೆ ಎಂಟು ತಿಂಗಳು. ಎಂಟರಲ್ಲಿ ಬಸುರಿ ಸೀಮೆ ದಾಟುವಂತಿಲ್ಲ. ಹಾಗಾಗಿ ಉಳಿದದ್ದು ಆ ಒಂದೇ ದಿನ. ಬಸ್ಸಿನಲ್ಲಿ ಮೂರು ಕಡೆ ಇಳಿದು ಹತ್ತಿ, ನಿಂತುಕೊಂಡು, ಆ ಕಲ್ಲಿನ ಹಾದಿಯಲ್ಲಿ ಆಕೆಯನ್ನು ತರುವುದು ಯಾರಿಗೂ ಒಪ್ಪಿಗೆಯಿರಲಿಲ್ಲ. ಆಕೆಯಂತೂ ಕಾರ್ಡಿನಲ್ಲಿ ಒಂದೇ ಮಾತು ಬರೆದಿದ್ದಳು: 'ಅವ್ವಾ, ನೀನs ಬಾ.'

ನನ್ನ ಚೊಚ್ಚಲ ಹೆರಿಗೆ ಅತ್ತೆಯ ಮನೆಯಲ್ಲೇ ಆಗಿತ್ತು. ನನ್ನವ್ವ ಕರೆಯಲು ಹೊರಟ ಚಕ್ಕಡಿಯ ಅಚ್ಚು ನಡುದಾರಿಯಲ್ಲಿ ಮುರಿದು, ಅದು ರಿಪೇರಿಯಾಗುವಷ್ಟರಲ್ಲಿ ಎಂಟು ಹಿಡಿದಿತ್ತು. ಅತ್ತೆಯ ಮನೆಯವರು ಕೆಟ್ಟವರಲ್ಲ. ಆದರೆ ನೋವು ಶುರುವಾದ ಕೋಣೆಯಲ್ಲಿ ಯಾರ ಕೈ ಹಿಡಿದರೂ ಅದು ಅವ್ವನ ಕೈ ಆಗಿರಲಿಲ್ಲ. ಇಷ್ಟು ಸಾಕು, ಅದನ್ನು ಹೆಚ್ಚು ಬರೆಯಲಾರೆ.

ವ್ಯಾನಿನ ಕಾಯಿಲೆ ಏನೆಂದು ಹೇಳಬೇಕು. ಎಂಜಿನ್ನಿನ ಪಕ್ಕದಲ್ಲಿ ಪಟ್ಟಾ ಹಾಕಿಕೊಂಡು ತಿರುಗುವ ಡೈನಮೋ ಇರುತ್ತದೆ. ಅದು ಕರೆಂಟು ಹುಟ್ಟಿಸುತ್ತದೆ, ಬ್ಯಾಟರಿ ಕೂಡಿಟ್ಟುಕೊಳ್ಳುತ್ತದೆ. ಇವೆರಡರ ನಡುವೆ ಬಾನೆಟ್ಟಿನೊಳಗಿನ ತಗಡಿಗೆ ಹೊಡೆದ ಕಪ್ಪು ಡಬ್ಬಿಯೊಂದಿದೆ, ಕಟೌಟ್ ಅನ್ನುತ್ತಾರೆ. ಅದು ಬಾಗಿಲು ಕಾಯುವವನ ಹಾಗೆ. ಡೈನಮೋದಿಂದ ಸಾಕಷ್ಟು ಬಂದಾಗ ಬಾಗಿಲು ತೆರೆಯುತ್ತದೆ, ಬರದಿದ್ದಾಗ ಮುಚ್ಚುತ್ತದೆ. ಡ್ರೈವರಿನ ಮುಂದೆ ಒಂದು ಸಣ್ಣ ಕೆಂಪು ದೀಪ. ಗಾಡಿ ಶುರುವಾಗುವಾಗ ಹೊತ್ತಿಕೊಂಡು, ಓಡಲು ತೊಡಗಿದ ಮೇಲೆ ಆರಬೇಕು. ಆರಿದರೆ ಬ್ಯಾಟರಿಗೆ ಊಟ ಸಿಗುತ್ತಿದೆ ಎಂದು ಅರ್ಥ.

ನಮ್ಮದು ಆರುತ್ತಿರಲಿಲ್ಲ.

ಎರಡು ವಾರದಿಂದ ಹೀಗೆಯೇ. ಊರೂರಿಗೆ ಒಂದೊಂದು ರೋಗ ಹೇಳಿದರು. ಮುದ್ದೇಬಿಹಾಳದವರು ಪಟ್ಟಾ ಸಡಿಲಾಗಿದೆ ಎಂದು ಬಿಗಿ ಮಾಡಿದರು. ಬಸವನ ಬಾಗೇವಾಡಿಯಲ್ಲಿ ಬ್ಯಾಟರಿಯೇ ಸತ್ತಿದೆ ಎಂದು ಒಂದಿಡೀ ದಿನ ಚಾರ್ಜಿಗೆ ಇಟ್ಟುಕೊಂಡರು. ನಾನು ಅವರ ಅಂಗಡಿಯ ಬೆಂಚಿನ ಮೇಲೆ ಕೂತು ಎರಡು ಕುಬಸಕ್ಕೆ ಅಂಚು ಹಾಕಿದೆ. ಸಿಂದಗಿಯಲ್ಲಿ ಡೈನಮೋ ಬಿಚ್ಚಿ ಒಳಗಿನ ಕಾರ್ಬನ್ ಬದಲಿಸಿದರು. ಪ್ರತಿ ಸಲವೂ ಹೊಸ ನಂಬಿಕೆಯಿಂದ ಹೊರಡುತ್ತಿದ್ದೆವು, ಊರು ದಾಟುವಷ್ಟರಲ್ಲಿ ಕೆಂಪು ದೀಪ ಹಣೆಯ ಕುಂಕುಮದ ಹಾಗೆ ಹೊಳೆಯುತ್ತಿತ್ತು. ನೋಟ್‌ಬುಕ್ಕಿನಲ್ಲಿ ನಾನು ಬರೆದಿದ್ದೆ: ಮೆಲ್ಲಗೆ ಹೋದರೆ ದೀಪ ಮಂಕಾಗುತ್ತದೆ, ಇನ್ನೇನು ಆರಿತು ಅನ್ನಿಸುತ್ತದೆ. ಜೋರು ಹೋದರೆ ಮತ್ತೆ ಕೆಂಪು. ಜೋರು ಹೋದಷ್ಟೂ ಕೆಂಪು. ಇದನ್ನು ಯಾರಿಗೆ ಹೇಳಿದರೂ 'ಹೆಂಗಸರು ದೀಪಾ ನೋಡ್ಕೋತ ಕೂಡ್ತಾರ' ಎಂದು ನಕ್ಕು ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಳ್ಳುತ್ತಿದ್ದರು.

ಹಿಂದಿನ ದಿನ ಚಾರ್ಜು ಮಾಡಿಸಿದ್ದರಿಂದ ಆ ಬೆಳಿಗ್ಗೆ ಬ್ಯಾಟರಿ ತುಂಬಿತ್ತು. ಹಗಲಲ್ಲಿ ಹೋಗಿ ಹಗಲಲ್ಲೇ ಬರುವುದು, ಬ್ಯಾಟರಿಯಲ್ಲಿ ಇರುವಷ್ಟನ್ನು ಹಿಡಿದು ಖರ್ಚು ಮಾಡುವುದು ಎಂದು ನಮ್ಮ ಮನೆಯವರು ತೀರ್ಮಾನಿಸಿದ್ದರು. ಮುಂದಿನ ದೀಪ ಹಾಕಲಿಲ್ಲ. ಶುರು ಮಾಡಲು ಹ್ಯಾಂಡಲ್ ಹೊಡೆದರು. ಹಾರ್ನು ಕೂಡ ಬೇಡವೆಂದರು. ಆಕಳು, ಕೋಣ ಅಡ್ಡ ಬಂದಾಗ ನಾನೇ ಕಿಟಕಿಯಿಂದ ತಲೆ ಹೊರಹಾಕಿ ಕೂಗುತ್ತಿದ್ದೆ.

"ಇನ್ನೊಂದೀಟು ಜೋರಾಗಿ ಕೂಗು. ಸಂತ್ಯಾಗ ಖಣದ ರೇಟ್ ಕೂಗಿದಂಗ" ಎಂದರು.

"ಖಣಾ ಆದ್ರ ಕೊಳ್ಳಾಕರ ಬರ್ತಾರ್ರಿ. ಈ ಕೋಣಾ ಎದ್ದು ಹೋಗಾಕ ಒಲ್ಲದು."

ಬಾಗೇವಾಡಿ ದಾಟಿದ ಮೇಲೆ ತುಂತುರು ಶುರುವಾಯಿತು. ಗಾಜು ಒರೆಸುವ ಕಡ್ಡಿಯೂ ಕರೆಂಟು ತಿನ್ನುತ್ತದಲ್ಲ. ಇಳಿದು ಗಾಜಿಗೆ ಉಳ್ಳಾಗಡ್ಡಿ ತಿಕ್ಕಿದೆವು. ಮಳೆಹನಿ ಗಾಜಿನ ಮೇಲೆ ನಿಲ್ಲದೆ ಜಾರಿ ಹೋಗುತ್ತಿತ್ತು. ಅದರಾಚೆ ಬಿತ್ತನೆಗೆ ಕಾದ ಕಪ್ಪು ಹೊಲಗಳು, ಅಲ್ಲೊಂದು ಇಲ್ಲೊಂದು ಬನ್ನಿ ಗಿಡ, ದೂರದಲ್ಲಿ ಕೂರಿಗೆಯ ಹಿಂದೆ ನಡೆಯುವ ಜನ. ಎಲ್ಲವೂ ಯಾರೋ ನೀರಿನಲ್ಲಿ ಅದ್ದಿ ಎತ್ತಿದಂತೆ ಮೆಲ್ಲಗೆ ಹಿಂದೆ ಸರಿಯುತ್ತಿದ್ದವು. ಎಂಜಿನ್ನಿನ ಗುಂಯ್ ಸದ್ದು ಬೀಸುಕಲ್ಲಿನ ಸದ್ದಿಗೆ ಹತ್ತಿರ. ಕಣ್ಣು ಮುಚ್ಚಿದರೆ ನಾನು ನನ್ನವ್ವನ ಚಕ್ಕಡಿಯಲ್ಲಿ ಕೂತಿದ್ದೆ, ಅದು ಎಲ್ಲಿಯೂ ಮುರಿಯದೆ ನನ್ನನ್ನು ಕರೆಯಲು ಹೊರಟಿತ್ತು. ತೆರೆದರೆ ಕೆಂಪು ದೀಪ. ಸಿಂದಗಿ ಬಂದದ್ದೂ ಹೋದದ್ದೂ ನನಗೆ ನೆನಪಿಲ್ಲ, ಒಂದು ಚಹಾದಂಗಡಿಯ ಹೊಗೆ ಮಾತ್ರ ನೆನಪಿದೆ.

ತಾಂಬಾದ ಮೊದಲ ಮನೆಗಳು ಕಾಣುವಾಗ ಎಂಜಿನ್ನು ಎರಡು ಸಲ ಬಿಕ್ಕಿತು. ದೀಪ ಮಂಕಾಯಿತು, ಆಮೇಲೆ ಏನೂ ಇಲ್ಲ. ಎಲ್ಲ ಸದ್ದೂ ನಿಂತು, ಎಲ್ಲಿಯೋ ಟಿಟ್ಟಿಭ ಕೂಗುವುದು ಕೇಳಿಸಿತು.

ದಾರಿಹೋಕರು ಸುದ್ದಿ ಮುಟ್ಟಿಸಿದ ಮೇಲೆ ಬೀಗರ ಎತ್ತುಗಳು ಬಂದು ವ್ಯಾನನ್ನು ಎಳೆದವು. ಮುಂದೆ ಹಗ್ಗ, ಹಿಂದೆ ವ್ಯಾನು, ಸ್ಟೇರಿಂಗ್ ಹಿಡಿದು ನೇರ ಮುಂದೆ ನೋಡುತ್ತ ಕೂತ ನಮ್ಮ ಮನೆಯವರು, ಪಕ್ಕದಲ್ಲಿ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದೆ ಎಳೆದುಕೊಂಡ ನಾನು. ಮಗಳ ಅತ್ತೆ ಬಾಗಿಲ ಕಟ್ಟೆಯ ಮೇಲೆ ಮಣ್ಣು ನಾದುತ್ತ ಕೂತಿದ್ದರು. ಮರುದಿನದ ಪೂಜೆಗೆ ಎತ್ತು ಮಾಡುವ ಮಣ್ಣು. ಗಂಡ ತೀರಿದ ಮೇಲೆ ಹೊಲ, ಮನೆ ಎರಡನ್ನೂ ಒಬ್ಬರೇ ನಡೆಸಿದ ಹೆಂಗಸು. ಅಳಿಯ ಬಿತ್ತನೆ ಬೀಜಕ್ಕೆಂದು ಪರವೂರಿಗೆ ಹೋಗಿದ್ದ. ಮೊಣಕೈವರೆಗೆ ಕಪ್ಪು ಮಣ್ಣು, ಮುಖದಲ್ಲಿ ನಗು ಇದೆಯೋ ಇಲ್ಲವೋ ತಿಳಿಯದು.

"ಬರ್ರಿ ಬೀಗತಿ, ಬರ್ರಿ. ಗಾಡಿ ತಗೊಂಡ್ ಬರ್ತೀವಿ ಅಂದಿದ್ರಿ. ಎತ್ತ ಹೂಡ್ಕೊಂಡ್ ಬಂದೀರಿ?"

"ಎತ್ತ ನಿಮ್ಮವ್ರಿ ಅಕ್ಕಾರ. ಗಾಡಿ ಅಷ್ಟ ನಮ್ದು."

"ಅದೂ ಖರೆ" ಎಂದು ಅವರು ಕೈ ಕೊಡವಿದರು.

ಒಳಗಿನಿಂದ ಮಗಳು ಬಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕಾಲು ತುಸು ಬಾತಿದ್ದವು, ಮುಖ ಸಣ್ಣದಾಗಿತ್ತು. ಆಕೆಯ ಹಿಂದೆ ಪಡಸಾಲೆಯಲ್ಲಿ ಗಂಟು ಕಟ್ಟಿಟ್ಟದ್ದು ಕಾಣುತ್ತಿತ್ತು.

ನೀರು ಕುಡಿದಾದ ಮೇಲೆ ಬೀಗತಿ ಮಾತು ನೇರ ಮಾಡಿದರು. "ನೋಡ್ರಿ, ನಾ ಕೆಟ್ಟಕಿ ಅಲ್ಲ. ನಾಳಿ ಅಮಾಸಿ. ಅಮಾಸಿ ದಿನಾ ಬಸರಿನ್ನ ಹೊರಗ ಬಿಡಂಗಿಲ್ಲ. ನಾಡದ ಎಂಟ ಹಿಡಿತೈತಿ, ಅದಂತೂ ಮಾತ ಬ್ಯಾಡ. ಒಂಬತ್ತರಾಗ ಆ ಕಲ್ಲಿನ ಹಾದ್ಯಾಗ ಯಾರ್ ಕಳಸ್ತಾರ? ಇವತ್ತ ಹೊತ್ತ ಮುಳುಗೂದ್ರಾಗ ನಿಮ್ಮ ಗಾಡಿ ತನ್ನ ಕಾಲಿಂದ ಸೀಮಿ ದಾಟಿದ್ರ ಕರ್ಕೊಂಡ್ ಹೋಗ್ರಿ. ಇಲ್ಲಾಂದ್ರ ಹುಡುಗಿ ಇಲ್ಲೇ ಇರ್ತಾಳ. ನಾನೂ ನಾಕ ಹಡದಾಕಿ ಅದೀನಿ."

ಅವರು ಹೇಳಿದ್ದರಲ್ಲಿ ತಪ್ಪೊಂದೂ ಇರಲಿಲ್ಲ. ನನ್ನ ಅತ್ತೆಯೂ ಅವತ್ತು ಇದನ್ನೇ ಹೇಳಿದ್ದರು.

ನಮ್ಮ ಮನೆಯವರು ಇಂಡಿಗೆ ಹೋಗುವ ಬಸ್ಸು ಹಿಡಿದರು. ಅಲ್ಲೊಬ್ಬ ಮುದುಕ ಮಿಸ್ತ್ರಿ ಇದ್ದಾನೆ, ವೈರಿಂಗ್ ಕೆಲಸದಲ್ಲಿ ಕೈ ಪಳಗಿದವನು ಎಂದು ಬೀಗರ ಎತ್ತು ಹೊಡೆದು ತಂದ ಆಳು ಹೇಳಿದ್ದನಂತೆ. ಅವರು ಹೋದ ಮೇಲೆ ಆ ಮನೆಯ ಮಧ್ಯಾಹ್ನ ಬಹಳ ಉದ್ದವಾಯಿತು. ಮಳೆ ನಿಂತು ಬಿಸಿಲು ಬಂದು, ಮತ್ತೆ ಮೋಡ ಕವಿದು, ಅಂಗಳದ ಬೆಳಕು ಯಾರೋ ಚಾದರ ಹೊದ್ದು ತೆಗೆದ ಹಾಗೆ ಬದಲಾಗುತ್ತಿತ್ತು. ಬೀಗತಿ ಮಣ್ಣೆತ್ತು ಮಾಡುತ್ತಿದ್ದರು. ಮೊದಲು ಮೈ, ಆಮೇಲೆ ನಾಲ್ಕು ಕಾಲು, ಎರಡು ಬೆರಳಿನಲ್ಲಿ ಒತ್ತಿ ಬೆನ್ನಿನ ಹಿಣಿಲು. ಕೋಡು ಕೊನೆಗೆ. ಕೋಡು ಎಳೆಯುವಾಗ ಅವರ ನಾಲಿಗೆಯ ತುದಿ ಹೊರಗೆ ಬರುತ್ತಿತ್ತು. ನಾನೂ ಒಂದು ಉಂಡೆ ತೆಗೆದುಕೊಂಡು ಕೂತೆ. ಮಗಳು ನಮ್ಮಿಬ್ಬರ ನಡುವೆ ಕಾಲು ಚಾಚಿ ಗೋಡೆಗೆ ಒರಗಿದ್ದಳು.

"ಅವ್ವಾ, ಗಾಡಿ ಶುರು ಆಗ್ತೈತಿ?" ಎಂದು ಮೆಲ್ಲಗೆ ಕೇಳಿದಳು.

"ಆಗ್ತೈತವ್ವ."

"ಆಗ್ಲಿಲ್ಲಂದ್ರ?"

ಬೀಗತಿ ಮಣ್ಣಿನಿಂದ ಕಣ್ಣೆತ್ತದೆ ಅಂದರು: "ಆಗ್ಲಿಲ್ಲಂದ್ರ ನಿಮ್ಮವ್ವನ್ನೂ ಇಲ್ಲೇ ಕಟ್ಟಿ ಹಾಕ್ತೀನಿ. ಎಮ್ಮಿ ಹಿಂಡಾಕ ಒಬ್ಬಾಕಿ ಬೇಕಾಗ್ಯಾಳ."

ಮಗಳು ನಕ್ಕಳು, ನಕ್ಕವಳೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬೀಗತಿ ಅದನ್ನು ನೋಡಿದರು. ಮಾಡುತ್ತಿದ್ದ ಎತ್ತನ್ನು ಹಲಗೆಯ ಮೇಲಿಟ್ಟು ಒಳಗೆ ಹೋಗಿ, ಒಂದು ಬಟ್ಟಲು ಬೆಲ್ಲದ ನೀರು ತಂದು ಆಕೆಯ ಕೈಗೆ ಕೊಟ್ಟು, ಏನೂ ಆಗದವರಂತೆ ಮತ್ತೆ ಮಣ್ಣಿಗೆ ಕೂತರು.

ಹೊತ್ತು ಪಡುವಣಕ್ಕೆ ವಾಲಿದಾಗ ಬಸ್ಸು ಬಂತು. ನಮ್ಮ ಮನೆಯವರ ತೊಡೆಯ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಬೇರೆ ಬ್ಯಾಟರಿ, ಪಕ್ಕದಲ್ಲಿ ಮಿಸ್ತ್ರಿ. 'ಈ ಕೂಸಿಗೂ ಟಿಕೀಟ ತಗೋಬೇಕ್ರಿ' ಎಂದು ಕಂಡಕ್ಟರು ದಾರಿಯುದ್ದಕ್ಕೂ ಕಾಡಿದನಂತೆ. ಮಿಸ್ತ್ರಿಯ ಕನ್ನಡಕಕ್ಕೆ ಒಂದು ಕಡೆ ಕಡ್ಡಿಯ ಬದಲು ದಾರ. ಬಂದವನೇ ವ್ಯಾನಿನ ಸುತ್ತ ಒಂದು ಸುತ್ತು ಹಾಕಿದ. ಯಾವುದನ್ನೂ ಮುಟ್ಟಲಿಲ್ಲ.

"ಯಾರ್ಯಾರ್ ನೋಡ್ಯಾರ ಇದಕ್ಕ?"

ನಮ್ಮ ಮನೆಯವರು ಮೂರು ಊರಿನ ಕತೆಯನ್ನೂ ಹೇಳಿದರು. ಪಟ್ಟಾ, ಬ್ಯಾಟರಿ, ಕಾರ್ಬನ್.

"ಹಂಗಾರ ಗಾಡಿ ಊರೂರ ತಿರಗಿ ತೀರ್ಥಾ ಕುಡದ ಬಂದೈತಿ" ಎಂದು ಮಿಸ್ತ್ರಿ ಬೀಡಿ ಹಚ್ಚಿದ. "ದೀಪಾ ಹೆಂಗ ಉರಿತೈತಿ, ಅದನ್ನ ಹೇಳ್ರಿ. ಒಂದs ಸಮನ ಉರಿತೈತೋ, ಏರೂದು ಇಳಿಯೂದು ಮಾಡತೈತೋ?"

ನಮ್ಮ ಮನೆಯವರು ನನ್ನ ಕಡೆ ನೋಡಿದರು. ನಾನು ಕೈ ತೊಳೆದು ಬಂದು ಚೀಲದಿಂದ ನೋಟ್‌ಬುಕ್ಕು ತೆಗೆದು ಓದಿದೆ. ಮೆಲ್ಲಗೆ ಹೋದರೆ ಮಂಕು, ಜೋರು ಹೋದಷ್ಟೂ ಕೆಂಪು. ಮಿಸ್ತ್ರಿ ಬೀಡಿಯನ್ನು ಬಾಯಿಂದ ತೆಗೆದ.

"ಇನ್ನೊಮ್ಮಿ ಓದ್ರಿ ಯವ್ವಾ."

ಓದಿದೆ.

"ಇದನ್ನ ಮೂರೂ ಊರಾಗ ಹೇಳೀರಿ?"

"ಹೇಳೀನ್ರಿ. ನಕ್ರು."

"ನಗೋ ಮಂದಿ ನಗಲಿ. ಡೈನಮೋ ಸತ್ತಿದ್ರ ದೀಪಾ ಒಂದs ಸಮನ ಉರೀತಿತ್ತು. ಜೋರ ಹೋದಾಗ ಏರತೈತಿ ಅಂದ್ರ ಡೈನಮೋ ಮನಗಂಡ ದುಡ್ಯಾಕತ್ತೈತಿ. ಬಾಗಿಲಾ ತೆರಿಯಾಕತ್ತಿಲ್ಲ, ಅಷ್ಟ."

ಅವನು ತಂದ ಬ್ಯಾಟರಿ ಹಾಕಿ ಎಂಜಿನ್ನು ಶುರು ಮಾಡಿಸಿದ. ಅಂಗಿಯ ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ ಬಲ್ಬೊಂದನ್ನು ತೆಗೆದ. ಅದಕ್ಕೆ ಎರಡು ವೈರು. ಡೈನಮೋದ ಎರಡು ತಂತಿ ಬಿಚ್ಚಿ, ಅದರ ಎರಡು ಮೊಳೆಗಳನ್ನು ಒಂದು ಚೂರು ತಂತಿಯಿಂದ ಕೂಡಿಸಿ, ಬಲ್ಬಿನ ಒಂದು ವೈರನ್ನು ಅಲ್ಲಿಗೂ ಇನ್ನೊಂದನ್ನು ಎಂಜಿನ್ನಿನ ಕಬ್ಬಿಣಕ್ಕೂ ಹಿಡಿದ. ಮೆಲ್ಲಗೆ ರೇಸ್ ಮಾಡಿರೆಂದ. ಬಲ್ಬು ಮೊದಲು ಕೆಂಪಾಗಿ, ಆಮೇಲೆ ಹಳದಿಯಾಗಿ, ಆಮೇಲೆ ಬೆಳ್ಳಗೆ ಹೊತ್ತಿತು. ಕಟ್ಟೆಯ ಮೇಲಿಂದ ನೋಡುತ್ತಿದ್ದ ಬೀಗತಿಯ ಮುಖದ ಮೇಲೂ ಆ ಬೆಳಕು ಬಂತು. ಮೋಡದ ಇಳಿಹೊತ್ತಿನಲ್ಲಿ ಅದೊಂದು ಹಣ್ಣಿನ ಹಾಗೆ ಅವನ ಕೈಯಲ್ಲಿ ಉರಿಯುತ್ತಿತ್ತು. ನಾನು ಎಷ್ಟೋ ದಿನ ಆಮೇಲೆ ಅದನ್ನು ಕನಸಿನಲ್ಲಿ ನೋಡಿದ್ದೇನೆ.

"ಎತ್ತ ಗಟ್ಟಿ ಐತಿ" ಎಂದ ಮಿಸ್ತ್ರಿ. "ಈಗ ಬಾಗಿಲಾ ನೋಡೂನು."

ಡೈನಮೋದ ತಂತಿಗಳನ್ನು ಮೊದಲಿದ್ದಂತೆ ಕಟ್ಟಿ, ಕಪ್ಪು ಡಬ್ಬಿಯ ಮುಚ್ಚಳ ತೆಗೆದ. ಒಳಗೆ ತಂತಿ ಸುತ್ತಿದ ಉರುಳೆಗಳು, ಅವುಗಳ ತಲೆಯ ಮೇಲೆ ಪುಟ್ಟ ನಾಲಿಗೆಗಳು. ರೇಸ್ ಮಾಡಿದರೂ ನಾಲಿಗೆ ಅಲುಗಲಿಲ್ಲ. ಅವನು ಒಂದು ತುಂಡು ವೈರಿನ ಒಂದು ತುದಿಯನ್ನು ಡಬ್ಬಿಯ ಕಾಲಿಗೂ ಇನ್ನೊಂದನ್ನು ಎಂಜಿನ್ನಿಗೂ ತಾಗಿಸಿದ. ಟಕ್ ಎಂದು ನಾಲಿಗೆ ಬಿತ್ತು. ಡ್ರೈವರ ಸೀಟಿನಿಂದ ನಮ್ಮ ಮನೆಯವರು ಕೂಗಿದರು, "ಆರಿತು! ದೀಪಾ ಆರಿತು!" ವೈರು ತೆಗೆದ. "ಹತ್ತಿತು!" ತಾಗಿಸಿದ. "ಆರಿತು!" ಹೀಗೆ ನಾಲ್ಕು ಸಲ. ಮಗಳು ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು.

"ಡಬ್ಬಿಗಿ ಅರ್ತಿಂಗ ಸಿಗವಲ್ದು" ಎಂದ ಮಿಸ್ತ್ರಿ. "ಇದು ತನ್ನ ಕಾಲಿಂದ ಗಾಡಿ ಮೈಯಾಗಿನ ಕಬ್ಬಿಣಾ ಮುಟ್ಟಬೇಕು. ಮುಟ್ಟಿದ್ರ ಬುದ್ಧಿ ಬರತೈತಿ. ಇಲ್ಲಾಂದ್ರ ಕುಂಡ್ರತೈತಿ ಗೊಂಬಿ ಕುಂತಂಗ."

ಎಂಜಿನ್ನು ನಿಲ್ಲಿಸಿ, ಸ್ಕ್ರೂ ಬಿಚ್ಚಿ, ಡಬ್ಬಿಯನ್ನು ಎತ್ತಿದ. ಅದರ ಹಿಂದಿನ ಕಬ್ಬಿಣದ ತಗಡು ಬಣ್ಣ ಹಚ್ಚಿಕೊಂಡು ಫಳಫಳ ಹೊಳೆಯುತ್ತಿತ್ತು. ಗಾಢ ನೀಲಿ. ಸ್ಕ್ರೂ ಹೋಗುವ ತೂತಿನೊಳಗೂ ನೀಲಿ.

ಆ ನೀಲಿಯ ಗುರುತು ನನಗಿತ್ತು.

"ಇದು ಕಂಪನಿ ಬಣ್ಣಾ ಅಲ್ಲ" ಎಂದ ಮಿಸ್ತ್ರಿ. "ಇದು ಎತ್ತಿನ ಕೋಡಿನ ವಾರ್ನೀಸ. ಯಾರ್ ಹಚ್ಯಾರಿದನ್ನ?"

"ನಾನs" ಎಂದರು ನಮ್ಮ ಮನೆಯವರು, ನಾನು ಬಾಯಿ ತೆರೆಯುವ ಮೊದಲೇ.

ಅವರಲ್ಲ. ನಾನು. ಕಾರಹುಣ್ಣಿಮೆಯ ಬೆಳಿಗ್ಗೆ ಓಣಿಯ ಎಲ್ಲ ಮನೆಗಳಲ್ಲೂ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಗೆಜ್ಜೆಸರ ಕಟ್ಟುತ್ತಿದ್ದರು. ನಮ್ಮ ಗೋದಲಿ ಖಾಲಿ. ಮಾರಿದ ಎತ್ತಿನ ಬಣ್ಣದ ಡಬ್ಬಿ ಮಾತ್ರ ಗೋಡೆಯ ಮಾಡದಲ್ಲಿ ಹಾಗೇ ಇತ್ತು. ಹುಣ್ಣಿಮೆಯ ದಿನ ಅನ್ನ ಹಾಕುವ ದುಡಿಮೆಗಾರನನ್ನು ಬರಿ ಮೈಯಲ್ಲಿ ನಿಲ್ಲಿಸುವುದು ಹೇಗೆ? ವ್ಯಾನನ್ನು ತೊಳೆದೆ. ಮುಂದಿನ ಎರಡು ದೀಪದ ಸುತ್ತ ಬಣ್ಣ ಹಚ್ಚಿದೆ. ಬಾನೆಟ್ಟು ತೆರೆದಿತ್ತು, ನಮ್ಮ ಮನೆಯವರು ಧೂಳು ಒರೆಸಲೆಂದು ಆ ಕಪ್ಪು ಡಬ್ಬಿಯನ್ನು ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಅದರ ಜಾಗದ ತಗಡು ಬಣ್ಣ ಕಿತ್ತು ಬರಿ ಕಬ್ಬಿಣ ಬಿಟ್ಟಿತ್ತು, ಹುಣ್ಣಾದ ಮೈಯಂತೆ. ತುಕ್ಕು ಹಿಡಿಯಬಾರದೆಂದು ಎರಡು ಸಲ ಹಚ್ಚಿದೆ. ತೂತನ್ನೂ ಬಿಡಲಿಲ್ಲ. ಒಣಗಿದ ಮೇಲೆ ಅವರು ಅದರ ಮೇಲೆಯೇ ಡಬ್ಬಿಯನ್ನು ಮರಳಿ ಕೂರಿಸಿದರು.

ಎರಡು ವಾರ ಊರೂರು ಅಲೆದದ್ದು, ಎರಡು ಸಲ ದಿನ ತಪ್ಪಿದ್ದು, ಮಗಳು ಬಾತ ಕಾಲಿನಲ್ಲಿ ಗಂಟು ಕಟ್ಟಿಕೊಂಡು ಕಾದದ್ದು, ಎಲ್ಲಕ್ಕೂ ನನ್ನ ಕೈಯೇ ಕಾರಣ. ಬೀಗತಿಯ ಮುಂದೆ ಸುಮ್ಮನಿದ್ದುಬಿಡಬಹುದಿತ್ತು. ಗಂಡ ಹೊತ್ತುಕೊಂಡಿದ್ದರಲ್ಲ.

"ಅವರಲ್ರಿ. ನಾ ಹಚ್ಚೀನಿ" ಎಂದೆ. "ಕಾರುಣ್ಣಿವಿ ದಿನಾ."

ಮಿಸ್ತ್ರಿಗೆ ನಗು ತಡೆಯಲಾಗಲಿಲ್ಲ. ಕನ್ನಡಕದ ದಾರ ಜಾರಿತು. "ಕೋಡಿಗಿ ಹಚ್ಚೂದು ಬಿಟ್ಟು ಎತ್ತಿನ ಬಾಯಾಗ ಹಚ್ಚೀರಲ್ರಿ ಯವ್ವಾ! ಹೆಂಗ ಮೇಯಬೇಕದು?"

ನಮ್ಮ ಮನೆಯವರೂ ನಕ್ಕರು. ಎತ್ತು ಕಟ್ಟುತ್ತಿದ್ದ ಆಳೂ ನಕ್ಕ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಗದವರು ಬೀಗತಿ ಒಬ್ಬರೇ. ಕಟ್ಟೆಯಿಂದ ಇಳಿದು ಬಂದು, ಬಾನೆಟ್ಟಿನೊಳಗೆ ಇಣುಕಿ, ಮಣ್ಣಿನ ಬೆರಳಿನಿಂದ ಆ ನೀಲಿಯನ್ನು ಮುಟ್ಟಿ ನೋಡಿದರು.

"ಹಲ್ಲ ಕಿಸಿಯೂದು ಸಾಕ ಮಾಡ್ರಿ" ಎಂದರು ಗಂಡಸರಿಗೆ. "ಎತ್ತ ಇಲ್ಲದ ಮನ್ಯಾಗ ಗಾಡೀನs ಎತ್ತು. ಹುಣ್ಣಿವಿ ದಿನಾ ದುಡಿಯೋ ಜೀವಕ್ಕ ಬಣ್ಣಾ ಹಚ್ಚೂದು ತಪ್ಪಾತೇನು? ಆಕಿಗೆ ಹಚ್ಚಾಕ ಗೊತ್ತಿತ್ತು, ಹಚ್ಯಾಳ. ಕೆರದ ಕುಂಡ್ರಸಬೇಕು ಅಂತ ಗಂಡಸರಿಗೆ ಗೊತ್ತಿರಬೇಕಿತ್ತು." ನಮ್ಮ ಮನೆಯವರು ತಲೆ ತಗ್ಗಿಸಿ ಸ್ಕ್ರೂ ಒರೆಸತೊಡಗಿದರು.

ಮಿಸ್ತ್ರಿ ಉಜ್ಜುವ ಮರಳುಕಾಗದದಿಂದ ತಗಡನ್ನು ತಿಕ್ಕಿದ. ನೀಲಿ ಪುಡಿ ಬೆರಳಿಗೆ ಮೆತ್ತಿ, ಅದರಡಿಯಿಂದ ಬೆಳ್ಳಿಯಂಥ ಕಬ್ಬಿಣ ಕಂಡಿತು. ತೂತಿನೊಳಗೆ ಚಾಕುವಿನ ತುದಿ ತಿರುಗಿಸಿದ. ಡಬ್ಬಿ ಕೂರಿಸಿ ಬಿಗಿದ. ಶುರು ಮಾಡಿದಾಗ ಕೆಂಪು ದೀಪ ಹೊತ್ತಿತು, ರೇಸ್ ಕೊಟ್ಟ ಕೂಡಲೇ ಆರಿತು, ಎಷ್ಟು ಜೋರು ಮಾಡಿದರೂ ಮತ್ತೆ ಬರಲಿಲ್ಲ. ತನ್ನ ಬ್ಯಾಟರಿ ಇರಲಿ, ಮುಂದಿನ ಸಂತೆಗೆ ಬಂದಾಗ ಕೊಡಿರೆಂದು ಹೇಳಿ ಅವನು ನಮ್ಮ ಸತ್ತ ಬ್ಯಾಟರಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡ, ಚಾರ್ಜು ಮಾಡಿಡಲು.

ಹೊತ್ತು ಇನ್ನೂ ಬೇವಿನ ಗಿಡದ ಮೇಲಿತ್ತು. ಬೀಗತಿ ಆಕಾಶ ನೋಡಿದರು, ಮಗಳನ್ನು ನೋಡಿದರು. ನನಗೊಮ್ಮೆ ಅವರು ಬೇರೆ ಮಾತಾಡಬಹುದು ಅನ್ನಿಸಿತು. ದಾರಿಯಲ್ಲಿ ಕತ್ತಲಾದರೆ, ಮಳೆ ಬಂದರೆ, ಮತ್ತೆ ಕೆಟ್ಟರೆ ಎಂದು ಕೇಳಬಹುದಿತ್ತು. ಅವರು ಕೈಕಾಲು ತೊಳೆದು ಒಳಗೆ ಹೋಗಿ, ಅಕ್ಕಿ, ಕೊಬ್ಬರಿ, ಅರಿಶಿನ ಕೊಂಬು ತಂದು ಸೊಸೆಯ ಉಡಿ ತುಂಬಿದರು. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು.

"ರಾತ್ರಿ ಎಡಮಗ್ಗಲ ಮಲಗಸ್ರಿ. ಹಸಿಮೆಣಸಿನಕಾಯಿ ಭಾಳ ತಿಂತಾಳ, ಕೊಡಬ್ಯಾಡ್ರಿ. ನೋವ ಬಂದ್ರ ಹೇಳಂಗಿಲ್ಲ ಆಕಿ, ತುಟಿ ಕಚ್ಚತಾಳ. ನೋಡ್ಕೋತ ಇರ್ರಿ."

"ನೀವೂ ಬರ್ರಿ ಅಕ್ಕಾರ ಅಷ್ಟೊತ್ತಿಗೆ."

"ಕೂಸ ಹುಟ್ಟಿದ್ದು ತಿಳಿಸ್ರಿ. ಎತ್ತ ಹೂಡ್ಕೊಂಡಾದ್ರೂ ಬರ್ತೇನಿ."

ಮಗಳು ಅತ್ತೆಯ ಕಾಲು ಮುಟ್ಟಲು ಬಗ್ಗಲಾರದೆ ಬಗ್ಗಿದಳು. ಅವರು ಅರ್ಧದಲ್ಲೇ ಹಿಡಿದೆತ್ತಿದರು. ವ್ಯಾನು ಹೊರಟಾಗ ನಾನು ಹಿಂದೆ ಮಗಳ ಪಕ್ಕದಲ್ಲಿ ಕೂತಿದ್ದೆ, ಆಕೆಯ ಕಾಲುಗಳು ನನ್ನ ತೊಡೆಯ ಮೇಲೆ. ಊರ ಸೀಮೆಯ ಕಲ್ಲು ದಾಟುವಾಗ ಹಿಂದಿನ ಕಿಟಕಿಯಲ್ಲಿ ಸೂರ್ಯ ಇನ್ನೂ ಪೂರ್ತಿ ದುಂಡಗಿದ್ದ. ಹೊಲಗಳ ಮೇಲೆ ಹಳದಿ ಬೆಳಕು ಹರಡಿ, ಬಿತ್ತಿ ಮರಳುವ ಎತ್ತುಗಳ ನೆರಳುಗಳು ರಸ್ತೆಗೆ ಅಡ್ಡ ಬಿದ್ದಿದ್ದವು. ನಮ್ಮ ಮನೆಯವರು ಅವುಗಳಿಗೆ ಹಾರ್ನು ಹೊಡೆದರು. ಬೇಕಿರದ ಕಡೆಯೂ ಎರಡು ಸಲ ಹೊಡೆದರು.

ಮುದ್ದೇಬಿಹಾಳದವರೆಗೆ ಹೋಗಲಿಲ್ಲ. ಆಕೆಗೆ ಅಷ್ಟು ದೂರದ ಕುಲುಕಾಟ ಒಂದೇ ದಿನಕ್ಕೆ ಬೇಡವೆಂದು ಸಿಂದಗಿಯಲ್ಲಿ ನನ್ನ ಅಕ್ಕನ ಮನೆಗೆ ಇಳಿದೆವು. ಮರುದಿನ ಅಮಾವಾಸ್ಯೆ, ಅದು ಕಳೆದರೆ ಎಂಟು ಹಿಡಿಯುತ್ತದೆ, ಆಕೆ ಅಲ್ಲಿಂದ ಮುಂದಿನ ಸೀಮೆಯನ್ನೂ ದಾಟುವಂತಿಲ್ಲ ಎಂಬುದು ಅಕ್ಕ ದೀಪ ಹಚ್ಚಿಟ್ಟು ಹೇಳುವವರೆಗೆ ನನಗೂ ನಮ್ಮ ಮನೆಯವರಿಗೂ ಹೊಳೆದೇ ಇರಲಿಲ್ಲ. "ಹಂಗಾರ ಇಲ್ಲೇ ಹಡೀಲಿ ಬಿಡು, ನೀನೂ ಇರು. ಅವ್ವ ಇದ್ದಲ್ಲೇ ತವರಮನಿ" ಎಂದು ಅಕ್ಕ ರೊಟ್ಟಿ ತಟ್ಟುತ್ತಲೇ ಅದನ್ನು ಮುಗಿಸಿದಳು. ಎರಡು ತಿಂಗಳು, ಆಕೆಯ ಹೆರಿಗೆಯಾಗುವವರೆಗೆ, ನಾನು ಸಿಂದಗಿಯಲ್ಲಿಯೇ ಇದ್ದೆ. ನಮ್ಮ ಮನೆಯವರು ಸಂತೆಯಿಂದ ಸಂತೆಗೆ ಹೋಗುತ್ತ ನಡುನಡುವೆ ಬಂದು ಹೋಗುತ್ತಿದ್ದರು.

ಆ ರಾತ್ರಿ ಉಂಡದ್ದು: ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಬೆಳ್ಳುಳ್ಳಿ ಒಗ್ಗರಣೆಯ ತೊಗರಿಬೇಳೆ, ಮಜ್ಜಿಗೆ. ಮಗಳು ಎರಡು ರೊಟ್ಟಿ ತಿಂದು ಇನ್ನರ್ಧ ಕೇಳಿದಳು. ಹಸಿಮೆಣಸಿನಕಾಯಿಯನ್ನೂ ಕೇಳಿದಳು, ಕೊಡಲಿಲ್ಲ. ಮೊದಲು ಮಲಗಿದವಳು ಆಕೆಯೇ, ಎಡಮಗ್ಗುಲಾಗಿ, ಕೈ ತೊಳೆದ ನೀರು ಒರೆಸಿಕೊಳ್ಳುವ ಮೊದಲೇ.